‘ಮಹಜರು’ ಆಟ: ಕೊನೆಗೂ ಪಿಎಸ್‌ಐ ಚೈತ್ರಾಗೆ ಕೆಲಸ ಸಿಕ್ಕಿತು

ಭಾನುವಾರ ರಾತ್ರಿ ಹನ್ನೊಂದೂವರೆ. ಅತ್ತಿಗೆ ಮೂರು ಕಾರ್ಡುಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಅಣ್ಣ ಮೇಜಿನ ಮೇಲೆ ಬಗ್ಗಿ, "ಏನ್ ಬಂದಿದೆ ತೋರ್ಸೇ, ಯಾವುದು ಇಡಬೇಕು ಅಂತ ನಾನು ಹೇಳ್ತೀನಿ" ಅಂದ.

"ಕೋರ್ಟಲ್ಲಿ ನೋಡ್ಕೊಳ್ಳಿ" ಅಂದರು ಅತ್ತಿಗೆ.

ಆ ಒಂದು ಮಾತಿಗೆ ನಾನು ಏಳು ತಿಂಗಳು ಕಾದಿದ್ದೆ. ಖುಷಿಗೆ ಎದ್ದು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

‘ಮಹಜರು’ ನಾನು ಮಾಡುತ್ತಿರುವ ಬೋರ್ಡ್ ಆಟ. (ಮಹಜರು ಅಂದರೆ ಸಿಕ್ಕಿದ್ದನ್ನು ಸಾಕ್ಷಿಗಳ ಮುಂದೆ ಪೊಲೀಸರು ಬರೆದಿಡುವ ದಾಖಲೆ.) ಅದರ ಬೋರ್ಡು, ಜಾಗಗಳು, ಶಂಕಿತರ ಕಾರ್ಡುಗಳು, ಸುತ್ತಿನ ಲೆಕ್ಕ, ಇದೆಲ್ಲ ಮಳೆಗಾಲದಲ್ಲೇ ಮುಗಿದಿತ್ತು. ಇಬ್ಬರು ಸೇರಿ ಆಡುವ ಪತ್ತೇದಾರಿ ಆಟ. ಒಬ್ಬರು ಇನ್ಸ್‌ಪೆಕ್ಟರ್ ರುದ್ರಪ್ಪ: ಮೇಲಿನವರ ಮಾತಿಗೆ ಸೊಪ್ಪು ಹಾಕದವನು, ಸಂತೆಯಿಂದ ಬಾರಿನವರೆಗೆ ಎಲ್ಲ ಕಡೆ ಬಾತ್ಮೀದಾರರನ್ನು ಇಟ್ಟುಕೊಂಡವನು. ಇನ್ನೊಬ್ಬರು ಚೈತ್ರಾ: ಮೈಸೂರಿನ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಹೋದ ವಾರ ಠಾಣೆಗೆ ಬಂದ ಪಿಎಸ್‌ಐ. ಇಬ್ಬರೂ ಗೆಲ್ಲಬೇಕು, ಇಲ್ಲ ಇಬ್ಬರೂ ಸೋಲಬೇಕು.

ಸಹಕಾರದ ಆಟ ಮಾಡಿದವರಿಗೆಲ್ಲ ಗೊತ್ತಿರೋ ಒಂದು ರೋಗ ಇದೆ. ನಾನು ಅದನ್ನು ಯಜಮಾನಿಕೆ ಅಂತೀನಿ. ಮೇಜಿನಲ್ಲಿ ಜಾಸ್ತಿ ಗೊತ್ತಿರೋರು ಒಬ್ಬರು ಎಲ್ಲರ ಆಟವನ್ನೂ ತಾವೇ ಆಡಿಬಿಡುತ್ತಾರೆ. ನನ್ನ ಆಟದಲ್ಲಿ ಈ ರೋಗಕ್ಕೆ ಯೂನಿಫಾರಂ ಕೂಡ ಇತ್ತು. ಕಥೆಯಲ್ಲೇ ಒಬ್ಬ ಅನುಭವಿ, ಒಬ್ಬಳು ಹೊಸಬಳು. ಹಾಗಾಗಿ ರುದ್ರಪ್ಪನ ಕುರ್ಚಿಯಲ್ಲಿ ಕೂತವರಿಗೆ "ನೀನು ಇಲ್ಲಿಗೆ ಹೋಗು, ಇದನ್ನ ಎತ್ಕೋ" ಅನ್ನೋದಕ್ಕೆ ಪರವಾನಗಿ ಸಿಕ್ಕಂತಾಯಿತು. ಚೈತ್ರಾ ಕುರ್ಚಿಯಲ್ಲಿ ಕೂತವರು ಮೂರನೇ ಸುತ್ತಿಗೆ ಮೊಬೈಲ್ ತೆಗೆಯುತ್ತಿದ್ದರು. ಹತ್ತು ಸಲ ಆಡಿಸಿದ್ದೇನೆ. ಹತ್ತರಲ್ಲೂ ಇದೇ.

ಮೊದಲು ಚೈತ್ರಾಗೆ ‘ನೆರವು’ ಅಂತ ಒಂದು ಶಕ್ತಿ ಕೊಟ್ಟೆ. ರುದ್ರಪ್ಪನ ಪಕ್ಕದಲ್ಲಿ ನಿಂತರೆ ಅವನ ದಾಳಕ್ಕೆ ಒಂದು ಜಾಸ್ತಿ. ಅಂದರೆ ಅವಳು ಮನುಷ್ಯಳಲ್ಲ, ದಾಳದ ಮೇಲಿನ ಚುಕ್ಕಿ. ಅದನ್ನು ಎರಡೇ ಆಟಕ್ಕೆ ಕಿತ್ತುಹಾಕಿದೆ.

ಆಮೇಲೆ ಮಾತು ಬಂದ್ ಮಾಡಿದೆ. ‘ಹನಾಬಿ’ ಅನ್ನೋ ಪಟಾಕಿ ಜೋಡಿಸುವ ಕಾರ್ಡಾಟ ಆಡಿದವರಿಗೆ ಗೊತ್ತು, ಅಲ್ಲಿ ಏನು ಹೇಳಬಹುದು ಅನ್ನೋದಕ್ಕೆ ಕಟ್ಟುನಿಟ್ಟು ಇದೆ, ಅದರಿಂದಲೇ ಆ ಆಟ ಅಷ್ಟು ಚೆನ್ನ. ಇಲ್ಲಿ ಅದು ಕೂಡಿಬರಲಿಲ್ಲ. ಪಟಾಕಿ ಜೋಡಿಸುವಾಗ ಮಾತಾಡದೇ ಇದ್ದರೆ ನಡೆಯುತ್ತೆ. ಒಂದೇ ಜೀಪಲ್ಲಿ ಕೂತ ಇಬ್ಬರು ಪೊಲೀಸರು ಮಾತಾಡಲ್ಲ ಅಂದರೆ ಯಾರು ನಂಬ್ತಾರೆ? ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹಾಲ್ ಥರ ಇತ್ತು ಮನೆ.

ಮೂರನೆಯದರ ಬಗ್ಗೆ ನನಗೆ ತುಂಬಾ ನಂಬಿಕೆ ಇತ್ತು. ‘ವಿಶ್ವಾಸ’ ಅಂತ ಒಂದು ಪಟ್ಟಿ, ಸೊನ್ನೆಯಿಂದ ಆರರವರೆಗೆ. ಚೈತ್ರಾ ಒಳ್ಳೆ ಕೆಲಸ ಮಾಡಿದಂತೆಲ್ಲ ರುದ್ರಪ್ಪನಿಗೆ ಅವಳ ಮೇಲೆ ವಿಶ್ವಾಸ ಏರುತ್ತದೆ, ನಾಲ್ಕು ದಾಟಿದರೆ ಅವಳು ಸ್ವಂತ ನಿರ್ಧಾರ ತಗೋಬಹುದು. ಅತ್ತಿಗೆ ಎರಡು ಸುತ್ತು ಆಡಿ ಕಾರ್ಡು ಕೆಳಗಿಟ್ಟರು.

"ನಾಲ್ಕು ಸುತ್ತು ಇವನ ಹತ್ರ ಸೈ ಅನ್ನಿಸ್ಕೊಂಡ ಮೇಲೆ ನನ್ನ ಆಟ ಶುರು ಆಗೋದಾ? ನಾನೂ ಪರೀಕ್ಷೆ ಬರೆದೇ ಬಂದಿರೋದು ತಾನೆ? 2017ರಲ್ಲಿ ನೀಲಮಣಿ ರಾಜು ಈ ರಾಜ್ಯದ ಪೊಲೀಸ್ ಮುಖ್ಯಸ್ಥೆ ಆದವರು. ಅವರೂ ಯಾವುದೋ ರುದ್ರಪ್ಪನ ಪಟ್ಟಿ ಹತ್ತಿ ಹೋದ್ರಾ?"

ಅವತ್ತೇ ಪಟ್ಟಿಯನ್ನು ಬೋರ್ಡಿನಿಂದ ಅಳಿಸಿದೆ. ಅತ್ತಿಗೆ ಹೇಳಿದ್ದು ನೂರಕ್ಕೆ ನೂರು ಸರಿ. ಹೊಸಬಳು ಅನ್ನೋದು ಅವಳ ಮತ್ತು ಕೆಲಸದ ನಡುವಿನ ವಿಷಯ. ಅದನ್ನು ಅವನ ಮೆಚ್ಚುಗೆಗೆ ಕಟ್ಟಿಹಾಕಿದ್ದೇ ತಪ್ಪು.

ಗಂಟು ಬಿಚ್ಚಿದ್ದು ಒಬ್ಬ ವಕೀಲ ಗೆಳೆಯ. ಹನ್ನೊಂದನೇ ಸಲ ಅವನ ಜೊತೆ ಆಡುತ್ತಿದ್ದೆವು. ನಾನು ರುದ್ರಪ್ಪ. ಐದನೇ ಸುತ್ತಿಗೇ ಆರೋಪಿಯ ಬಾಯಿ ಬಿಡಿಸಿ, "ನಾನೇ ಕಡಿದೆ, ಮಚ್ಚು ತೋಟದ ಬಾವಿಯಲ್ಲಿದೆ" ಅನ್ನೋ ಕಾರ್ಡು ಮೇಜಿಗೆ ಹಾಕಿ ಗೆದ್ದೆ ಅಂದೆ. ಅವನು ಕಾರ್ಡನ್ನು ಎತ್ತಿ ಓದಿ, "ಇದನ್ನ ಯಾವ ಜಡ್ಜ್ ಮುಂದೆ ಇಡ್ತೀಯ?" ಅಂತ ಕೇಳಿದ.

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗಲ್ಲ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಇದು 25ನೇ ಸೆಕ್ಷನ್. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಸೆಕ್ಷನ್. ಅದರಲ್ಲೇ ಒಂದು ಕಿಂಡಿ ಇದೆ. ಕಸ್ಟಡಿಯಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಗೆಳೆಯ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು) ಕಾಲದ ಪುಲುಕುರಿ ಕೋಟಯ್ಯ ಕೇಸಿನ ಕಥೆ ಹೇಳುತ್ತಾ ನನ್ನ ಕಾರ್ಡಿನ ಮೇಲೆ ಬೆರಳಿಟ್ಟ. "ನಾನೇ ಕಡಿದೆ" ಹೋಯ್ತು. "ಮಚ್ಚು ತೋಟದ ಬಾವಿಯಲ್ಲಿದೆ" ಉಳೀತು. ಅದೂ ಪಂಚರನ್ನು, ಅಂದರೆ ಸಾಕ್ಷಿಗೆ ನಿಲ್ಲುವ ಊರವರನ್ನು, ಕರ್ಕೊಂಡು ಹೋಗಿ, ಅವರ ಮುಂದೆ ಮಚ್ಚು ತೆಗೆದು, ಮಹಜರು ಬರೆದರೆ. ರುದ್ರಪ್ಪ ಮೊದಲೇ ಹೋಗಿ ಬಾವಿಗಿಳಿದು ಮಚ್ಚು ತಂದಿದ್ದರೆ? ಪೊಲೀಸರಿಗೆ ಮೊದಲೇ ಗೊತ್ತಿದ್ದದ್ದು ‘ಪತ್ತೆ’ ಆಗಲ್ಲ. ಅದೂ ಹೋಯ್ತು.

ಚೈತ್ರಾ ಏನು ಮಾಡಬೇಕು ಅಂತ ಏಳು ತಿಂಗಳು ಹುಡುಕಿದ್ದೆ. ಉತ್ತರ ಆಟದ ಹೆಸರಿನಲ್ಲೇ ಇತ್ತು. ಮಹಜರು ಬರೆಯುವವಳು ಚೈತ್ರಾ.

ಈಗಿನ ನಿಯಮ ಹೀಗಿದೆ. ರುದ್ರಪ್ಪ ಒಂದು ಸುತ್ತಿಗೆ ಮೂರು ಕಡೆ ಓಡಬಹುದು, ಚೈತ್ರಾ ಒಂದು ಕಡೆ. ಆದರೆ ಅವನು ತಂದ ಸುಳಿವೆಲ್ಲ ಕೆಂಪು, ಅಂದರೆ ಬರೀ ಬಾಯಿಮಾತು. ಕೆಂಪನ್ನು ಕೋರ್ಟಿನಲ್ಲಿ ಲೆಕ್ಕಕ್ಕೆ ಹಿಡಿಯಲ್ಲ. ಅದು ಹಸಿರಾಗಬೇಕಾದರೆ ಚೈತ್ರಾ ಇಬ್ಬರು ಪಂಚರ ಜೊತೆ ಆ ಜಾಗದಲ್ಲಿರಬೇಕು, ಮಹಜರು ಮಾಡಬೇಕು. ಸುಳಿವು ಎರಡೇ ಸುತ್ತು ಬಿಸಿ ಇರುತ್ತದೆ, ಆಮೇಲೆ ತಣ್ಣಗಾಗುತ್ತದೆ. ಹಾಗಾಗಿ ರುದ್ರಪ್ಪನಿಗೆ ಓಡಬೇಕು ಅನ್ನಿಸುತ್ತೆ, ಆದರೆ ಅವಳು ಬರುವ ತನಕ ಅವನು ಓಡಿದ್ದಕ್ಕೆ ಬೆಲೆ ಇಲ್ಲ.

ಹೊಸಬಳು ಅನ್ನೋದನ್ನು ತೋರಿಸೋಕೆ ಅವಳಿಗೆ ಹನ್ನೆರಡು ಕಾರ್ಡಿನ ಸ್ವಂತ ಕಟ್ಟು. ಅರ್ಧ ‘ಸರಿ’, ಅರ್ಧ ‘ಲೋಪ’. ಪಂಚರ ಸಹಿ ಬಿಟ್ಟುಹೋಗಿದೆ. ಸಮಯ ಬರೆದಿಲ್ಲ. ಅರಗಿನ ಸೀಲ್ ಇಲ್ಲ. ವಿಡಿಯೋ ತೆಗೆದಿಲ್ಲ. (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧನೆ, ಜಪ್ತಿ ಎರಡನ್ನೂ ವಿಡಿಯೋ ಮಾಡಲೇಬೇಕು. ಹಾಗಾಗಿ ಈ ಕಾರ್ಡು ಈಗ ತುಂಬಾ ಭಾರದ್ದು.) ಪ್ರತಿ ಮಹಜರಿಗೆ ಮೂರು ಕಾರ್ಡು ಎತ್ತಿ, ಒಂದನ್ನು ಆರಿಸಿ, ಸುಳಿವಿನ ಕೆಳಗೆ ಮಗುಚಿ ಇಡಬೇಕು. ಉಳಿದೆರಡನ್ನು ಕಟ್ಟಿಗೆ ಸೇರಿಸಿ ಕಲಸಬೇಕು. ಕೆಳಗೆ ಏನಿದೆ ಅಂತ ಕೋರ್ಟಿನ ಸುತ್ತಿನವರೆಗೆ ರುದ್ರಪ್ಪನಿಗೆ ತೋರಿಸೋ ಹಾಗಿಲ್ಲ, ಹೇಳೋ ಹಾಗೂ ಇಲ್ಲ. ಬೇರೆ ಏನು ಬೇಕಾದರೂ ಮಾತಾಡಬಹುದು.

ಮೊದಲು ಎಂಟು ಲೋಪ ಹಾಕಿದ್ದೆ. ಮೂರೂ ಲೋಪವೇ ಬರುವ ಸಂಭವ 220ಕ್ಕೆ 56, ಅಂದರೆ ಹತ್ತಿರ ಹತ್ತಿರ ನಾಲ್ಕಕ್ಕೊಂದು. ಅಷ್ಟಾದರೆ ಚೈತ್ರಾ ಹೊಸಬಳಲ್ಲ, ದಡ್ಡಿ ಅನ್ನಿಸುತ್ತಾಳೆ. ಆರಕ್ಕೆ ಇಳಿಸಿದರೆ ಹನ್ನೊಂದಕ್ಕೊಂದು. ಇದು ಹದ. ಇನ್ನೊಂದು ಚೆಂದ ಏನಂದರೆ, ಬರೀ ‘ಸರಿ’ ಕಾರ್ಡುಗಳನ್ನೇ ಇಡುತ್ತಾ ಹೋದರೆ ಕಟ್ಟಿನಲ್ಲಿ ಲೋಪಗಳೇ ಉಳಿಯುತ್ತವೆ. ಎರಡು ಮಹಜರಾದ ಮೇಲೆ ಅದೇ ಸಂಭವ ಆರಕ್ಕೊಂದು ಆಗಿಬಿಡುತ್ತದೆ. ಹಾಗಾಗಿ ಎಲ್ಲೋ ಒಂದು ಕಡೆ, ಅಷ್ಟು ಮುಖ್ಯ ಅಲ್ಲದ ಸುಳಿವಿನ ಕೆಳಗೆ, ಒಂದು ಲೋಪವನ್ನು ತಳ್ಳಿಬಿಡಬೇಕು. ಯಾವುದು ಅಷ್ಟು ಮುಖ್ಯ ಅಲ್ಲ? ಅದನ್ನು ಚೈತ್ರಾ ಒಬ್ಬಳೇ ತೀರ್ಮಾನಿಸಬೇಕು.

ಭಾನುವಾರ ಅತ್ತಿಗೆ ಮಾಡಿದ್ದು ಇದನ್ನೇ. ನಾನು ಹೇಳಿಕೊಟ್ಟಿರಲಿಲ್ಲ. ಕೋರ್ಟಿನ ಸುತ್ತಿನಲ್ಲಿ ಅಣ್ಣ ತಾನು ಕಷ್ಟಪಟ್ಟು ತಂದ ಚಪ್ಪಲಿ ಗುರುತನ್ನು ಹೆಮ್ಮೆಯಿಂದ ಮೊದಲು ತಿರುಗಿಸಿದ. ಕೆಳಗೆ ‘ಸಮಯ ಬರೆದಿಲ್ಲ’. ಅವನ ಮುಖ ಬಾಡಿಹೋಯ್ತು. "ಏನೇ ಇದು!" ಅಂದ. ಅತ್ತಿಗೆ ಮಾತಾಡದೆ ಬಾವಿಯ ಮಚ್ಚನ್ನು ತಿರುಗಿಸಿದರು. ಇಬ್ಬರು ಪಂಚರು, ಸೀಲು, ವಿಡಿಯೋ, ಎಲ್ಲ ಸರಿ. ಆಮೇಲೆ ರಕ್ತದ ಕಲೆಯ ಅಂಗಿ, ಅದೂ ಸರಿ. "ಚಪ್ಪಲಿ ಊರಲ್ಲಿ ಎಲ್ಲರ ಹತ್ರನೂ ಇರುತ್ತೆ ಕಣ್ರೀ, ಅದನ್ನ ಬಿಟ್ಟುಕೊಟ್ಟೆ" ಅಂದರು. ಅಣ್ಣ ಐದು ನಿಮಿಷ ಕಾರ್ಡುಗಳನ್ನೇ ನೋಡುತ್ತಾ ಕೂತಿದ್ದ. ಮತ್ತೊಂದಾಟ ಅಂತ ಅವನೇ ಕೇಳಿದ. ಹನ್ನೆರಡು ಗಂಟೆಗೆ!

ಕಾಲದ ಲೆಕ್ಕವೂ ಇದರಿಂದಲೇ ಸರಿಹೋಯಿತು. ಮೊದಲು ಎಫ್‌ಐಆರ್ ಆದ ದಿನದಿಂದ ಗಡಿಯಾರ ಓಡುತ್ತಿತ್ತು, ಅದರಲ್ಲಿ ಸ್ವಾರಸ್ಯ ಇರಲಿಲ್ಲ. ಈಗ ಆರೋಪಿಯನ್ನು ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ, ರಿಮಾಂಡ್ ಆದಾಗಿನಿಂದ ಓಡುತ್ತದೆ. ಕೊಲೆ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಆರೋಪಿಗೆ ಜಾಮೀನಿನ ಹಕ್ಕು ಬರುತ್ತದಲ್ಲ, ಅದೇ. ಹತ್ತು ದಿನಕ್ಕೊಂದು ಸುತ್ತು, ಒಟ್ಟು ಒಂಬತ್ತು. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಅಂಗಿ ಕಳಿಸಿದರೆ ಆಟದಲ್ಲಿ ಮೂರು ಸುತ್ತು ಅದಕ್ಕೇ ಹೋಗುತ್ತೆ. ಬಾವಿಯ ಮಾತು ಬೇಕು ಅಂದರೆ ಆರೋಪಿ ಕಸ್ಟಡಿಯಲ್ಲಿರಬೇಕು. ಕಸ್ಟಡಿಗೆ ತಗೊಂಡರೆ ಗಡಿಯಾರ ಶುರು. ಬೇಗ ಹಿಡಿಯೋದಾ, ಕಾಯೋದಾ? ರುದ್ರಪ್ಪ ಆಡುವವರೆಲ್ಲ ಬೇಗ ಹಿಡಿಯೋಣ ಅಂತಾರೆ, ಚೈತ್ರಾ ಆಡುವವರು ತಡೀರಿ ಅಂತಾರೆ. ಜಗಳ ತಾನಾಗೇ ಹುಟ್ಟುತ್ತೆ, ನಾನು ಒಂದು ಸಾಲೂ ಬರೆಯಬೇಕಾಗಿಲ್ಲ.

ಇನ್ನು ಪ್ರಿಂಟಿಂಗ್ ಸಂಕಟ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಒಂದು ಅಂಗಡಿಗೆ ಕೊಟ್ಟಿದ್ದೆ, ಹೆಸರು ಬೇಡ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಳೆಗೆ ದುಡ್ಡು ಕೊಟ್ಟರೆ ಬಂದದ್ದು 250, ಲ್ಯಾಮಿನೇಷನ್ ಆದ ಮೇಲೆ ಹಪ್ಪಳದ ಹಾಗೆ ಸುರುಳಿ. ಅದಾದರೂ ಪುಸ್ತಕದ ಕೆಳಗಿಟ್ಟರೆ ಸರಿಹೋಗುತ್ತಿತ್ತು. ಅಕ್ಷರ ನೋಡಿ ಮಾತ್ರ ಎದೆ ಒಡೆಯಿತು. ನಾನು ಯೂನಿಕೋಡಿನಲ್ಲಿ ಕೊಟ್ಟ ಫೈಲನ್ನು ಅವರ ಹಳೇ ಸಾಫ್ಟ್‌ವೇರಿನಲ್ಲಿ ತೆರೆದಿದ್ದಾರೆ. ಒತ್ತಕ್ಷರ ಎಲ್ಲ ಚೂರುಚೂರು. ‘ಸಾಕ್ಷ್ಯ’ ಅನ್ನೋ ಪದ ನನ್ನ ಆಟದಲ್ಲಿ ನಲವತ್ತು ಕಡೆ ಬರುತ್ತೆ, ನಲವತ್ತು ಕಡೆಯೂ ಕ, ಷ, ಯ ಮೂರೂ ಬೇರೆ ಬೇರೆ ದಿಕ್ಕಿಗೆ ನಿಂತಿವೆ. ಕೇಳಿದರೆ, "ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡ್ಕೊಂಡು ಬನ್ನಿ ಸಾರ್" ಅಂದರು. ಕನ್ನಡ ಕಾರ್ಡು ಮಾಡೋರು ದಯವಿಟ್ಟು ಕೇಳಿ: ಕಳಿಸೋ ಮುಂಚೆ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿ (ಅಂದರೆ ಚಿತ್ರದ ಆಕಾರವಾಗಿ ಬದಲಿಸಿ), ಪಿಡಿಎಫ್ ಕೊಡಿ, ಒಂದು ಹಾಳೆ ಪ್ರೂಫ್ ತೆಗೆಸಿ ಕಣ್ಣಾರೆ ನೋಡಿ. ಫೋನಿನಲ್ಲಿ ಫೋಟೋ ಕಳಿಸ್ತೀವಿ ಅಂದರೆ ಒಪ್ಪಬೇಡಿ.

ತಪ್ಪೊಪ್ಪಿಗೆ ಕಾರ್ಡನ್ನು ನಡುವೆ ಹರಿಯುವ ಹಾಗೆ ಮಾಡಬೇಕು ಅಂತ ಆಸೆ ಇತ್ತು. "ನಾನೇ ಕಡಿದೆ" ಅನ್ನೋ ಅರ್ಧ ಹರಿದು ಕಸಕ್ಕೆ, ಬಾವಿಯ ಅರ್ಧ ಮೇಜಿಗೆ. ಬಿಲ್ ಬುಕ್ ಮಾಡುವ ಒಬ್ಬರ ಹತ್ತಿರ ಪರ್ಫೊರೇಷನ್ ಮೆಷಿನ್ ಇತ್ತು, ಪಾಪ, ದುಡ್ಡು ತಗೊಳ್ಳದೆ ಹತ್ತು ಕಾರ್ಡು ಹೊಡೆದುಕೊಟ್ಟರು. ಚರ್ರ್ ಅಂತ ಹರಿಯೋ ಆ ಸದ್ದು ತುಂಬಾ ಚೆನ್ನಾಗಿತ್ತು. ಆದರೆ ಒಂದಾಟಕ್ಕೆ ಒಂದು ಕಾರ್ಡು ಹೋಗುತ್ತಲ್ಲ. ಈಗ ಎರಡು ಪುಟ್ಟ ಕಾರ್ಡು ಮಾಡಿ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿದ್ದೇನೆ. ಒಂದನ್ನು ಎಳೆದು ಬಿಸಾಕಿದರಾಯಿತು. ಸದ್ದಿಲ್ಲ, ಅದೊಂದು ಕೊರತೆ.

ಸುತ್ತು ಎಣಿಸೋಕೆ ಹುಣಸೆ ಬೀಜ ಇಟ್ಟಿದ್ದೇನೆ. ಆ ಬೀಜ ಕೈಯಲ್ಲಿ ಹಿಡಿದಾಗಲೆಲ್ಲ ಮುಂದಿನ ಆಟ ತಲೆಗೆ ಬರುತ್ತೆ. ಅಜ್ಜಿಯ ಅಳಗುಳಿ ಮಣೆ ಅಟ್ಟದಿಂದ ಇಳಿಸಿದ್ದೇನೆ. ಎರಡು ಸಾಲು, ಏಳೇಳು ಗುಳಿ. ಒಂದೊಂದು ಗುಳಿಯೂ ಒಂದೊಂದು ಕೆರೆ, ಬೀಜವೇ ನೀರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ಹರಿಯಬೇಕು. ಆಡುವವರು ನೀರಗಂಟಿಗಳು, ಯಾವಾಗ ತೂಬು ಎತ್ತಬೇಕು ಅಂತ ತೀರ್ಮಾನಿಸಬೇಕು. ಬೀಜ ಬಿತ್ತುತ್ತಾ ಹೋಗುವ ಆ ಹಳೇ ನಡೆಯೇ ನೀರು ಹರಿಯೋದಕ್ಕೆ ಎಷ್ಟು ಸರಿಯಾಗಿ ಹೊಂದುತ್ತೆ ನೋಡಿ! ಪ್ರಿಂಟಿಂಗೂ ಬೇಡ, ಸುಲ್ತಾನ್‌ಪೇಟೆಯೂ ಬೇಡ. ಇರಲಿ, ಮಹಜರು ಮುಗಿಯುವ ತನಕ ಅದನ್ನು ಮುಟ್ಟಲ್ಲ.

ಉಳಿದಿರೋದು ಪಂಚರದ್ದು. ಎಂಟೇ ಪಂಚರ ಕಾರ್ಡು ಇಟ್ಟಿದ್ದೇನೆ, ನಾಲ್ಕು ಮಹಜರಿಗೆ ಖಾಲಿ. ಸ್ಟೇಷನ್ ಮೆಟ್ಟಿಲು ಹತ್ತೋಕೆ ಯಾರೂ ಮುಂದೆ ಬರಲ್ಲ, ಹಾಗಾಗಿ ಕಮ್ಮಿ ಇರೋದೇ ಸರಿ. ಆದರೆ ಖಾಲಿಯಾದ ಮೇಲೆ ರುದ್ರಪ್ಪ ಸುಮ್ನೆ ಕೂರಬೇಕಾಗುತ್ತೆ, ಈಗ ಮೊಬೈಲ್ ತೆಗೆಯೋದು ಅವನ ಸರದಿ. ಅವನ ಬಾತ್ಮೀದಾರರಲ್ಲಿ ಒಬ್ಬನನ್ನು ಕಳೆದುಕೊಂಡು ಒಬ್ಬ ಪಂಚನನ್ನು ಒಪ್ಪಿಸಿ ಕರೆತರುವ ಹಾಗೆ ಮಾಡಿದರೆ ಹೇಗೆ? ಆ ಪಂಚ ಕೋರ್ಟಿನಲ್ಲಿ ತಿರುಗಿಬೀಳಬಹುದು ಅನ್ನೋ ಅಪಾಯ ಸೇರಿಸಿ. ಗುರುವಾರ ಹೊಸ ಹಾಳೆ ಬರುತ್ತೆ, 300 ಜಿಎಸ್‌ಎಂ, ಈ ಸಲ ತೂಕ ಹಾಕಿ ತಗೊಳ್ತೀನಿ. ಭಾನುವಾರ ಅತ್ತಿಗೆ ಬರ್ತಾರೆ. ರುದ್ರಪ್ಪ ತಮಗೇ ಬೇಕಂತೆ.