ಕಡಿಮೆ ತೋರಿಸುವ ಯಂತ್ರವನ್ನೇ ಮೊದಲು ಅನುಮಾನಿಸಿ

ಬೆಂಗಳೂರು ಮತ್ತು ಕೋಲಾರದ ನಡುವಿನ ಗಾಳಿ ಮಾಪನ ಕೇಂದ್ರಗಳಲ್ಲಿ ಓಝೋನ್ ಅನಲೈಸರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಸೇರುವವರು ಹೆಚ್ಚಾಗಿ ಒಂದೇ ದೂರು ತರುತ್ತಾರೆ: "ಸರ್, ಸಿಗ್ನಲ್ ಪಕ್ಕದ ಯಂತ್ರಕ್ಕಿಂತ ಟೊಮೆಟೊ ತೋಟದ ಪಕ್ಕದ್ದು ಜಾಸ್ತಿ ತೋರಿಸುತ್ತಿದೆ, ಇದು ಕೆಟ್ಟಿರಬೇಕು." ದೂಳಿನ ಲೆಕ್ಕದಲ್ಲಿ ಪಳಗಿದ ಕಣ್ಣಿಗೆ ಹಾಗೆ ಅನ್ನಿಸುವುದು ಸಹಜವೇ.

ನೆಲಮಟ್ಟದ ಓಝೋನ್ ವಾಹನದ ಕೊಳವೆಯಿಂದ ನೇರವಾಗಿ ಹೊರಬರುವ ಅನಿಲವಲ್ಲ. ನೈಟ್ರೋಜನ್ ಆಕ್ಸೈಡ್‌ಗಳು ಪೆಟ್ರೋಲ್, ಬಣ್ಣ, ಥಿನ್ನರ್‌ಗಳ ಆವಿಯೊಂದಿಗೆ ಬಿಸಿಲಿನಲ್ಲಿ ವರ್ತಿಸಿದಾಗ ಅದು ಹುಟ್ಟುತ್ತದೆ. ದಟ್ಟ ಸಂಚಾರದ ರಸ್ತೆಯಲ್ಲಿ ಆಗತಾನೆ ಹೊರಬಿದ್ದ ನೈಟ್ರಿಕ್ ಆಕ್ಸೈಡ್ ಅಲ್ಲಿರುವ ಓಝೋನನ್ನು ತಿಂದುಹಾಕಿ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ; ಪಶ್ಚಿಮದಿಂದ ಗಾಳಿ ಬೀಸುವ ದಿನ ಅದೇ ಹೊಗೆ ಕೋಲಾರದತ್ತ ಸಾಗುತ್ತ, ದಾರಿಯುದ್ದಕ್ಕೂ ಬಿಸಿಲು ಕುಡಿದು, ಮಧ್ಯಾಹ್ನದ ಹೊತ್ತಿಗೆ ಓಝೋನನ್ನು ಮತ್ತೆ ಕಟ್ಟಿಕೊಳ್ಳುತ್ತದೆ.

ಹಾಗೆಂದು ಯಂತ್ರವನ್ನು ಪರೀಕ್ಷಿಸದೆ ಬಿಡುವಂತಿಲ್ಲ. ಅನಲೈಸರ್ ಒಳಗೆ ಪಾದರಸದ ದೀಪದ 254 ನ್ಯಾನೋಮೀಟರ್ ಬೆಳಕನ್ನು ಗಾಳಿ ಎಷ್ಟು ಹೀರಿತು ಎಂಬುದರಿಂದ ಓಝೋನ್ ಪ್ರಮಾಣ ಸಿಗುತ್ತದೆ. ಗಾಳಿ ಒಳಬರುವ ನಳಿಕೆ ಟೆಫ್ಲಾನಿನದೇ ಆಗಿರಬೇಕು, ಏಕೆಂದರೆ ಮಾಮೂಲಿ ರಬ್ಬರ್ ಓಝೋನನ್ನು ದಾರಿಯಲ್ಲೇ ನುಂಗುತ್ತದೆ. ಕ್ವಾರಿ ದೂಳು ಕಟ್ಟಿ ಕಂದುಬಣ್ಣಕ್ಕೆ ತಿರುಗಿದ ಫಿಲ್ಟರ್ ಕೂಡ ಅದನ್ನೇ ಮಾಡುತ್ತದೆ. ಅಂದರೆ ನಳಿಕೆ, ಫಿಲ್ಟರ್‌ಗಳ ಇಂಥ ದೋಷಗಳು ಅಂಕಿಯನ್ನು ಇಳಿಸುತ್ತವೆಯೇ ಹೊರತು ಏರಿಸುವುದಿಲ್ಲ. ಆದ್ದರಿಂದ ನಾನು ಮೊದಲು ತೆರೆದು ನೋಡುವುದು ಕಡಿಮೆ ತೋರಿಸುವ ಯಂತ್ರವನ್ನು. ಕ್ಯಾಲಿಬ್ರೇಷನ್‌ಗೆ, ಅಂದರೆ ಗೊತ್ತಿರುವ ಪ್ರಮಾಣದ ಅನಿಲ ಕೊಟ್ಟು ಯಂತ್ರದ ಅಂಕಿಯನ್ನು ತಾಳೆ ನೋಡಲು, ಬೇರೆ ಅನಿಲಗಳಂತೆ ಓಝೋನನ್ನು ಸಿಲಿಂಡರಿನಲ್ಲಿ ತುಂಬಿಸಿ ತರಲು ಬರುವುದಿಲ್ಲ, ಅದು ನಿಲ್ಲದೆ ಆಮ್ಲಜನಕವಾಗಿಬಿಡುತ್ತದೆ; ಓಝೋನ್ ಜನರೇಟರ್ ಹೊತ್ತೊಯ್ದು ಸ್ಥಳದಲ್ಲೇ ತಯಾರಿಸಬೇಕು.

ಯಂತ್ರ ಸರಿಯಿದ್ದರೆ ಅಂಕಿಪಟ್ಟಿಯಲ್ಲಿ ಪಕ್ಕದ ನೈಟ್ರಿಕ್ ಆಕ್ಸೈಡ್ ಕಾಲಂ ನೋಡುತ್ತೇನೆ. ನೈಟ್ರಿಕ್ ಆಕ್ಸೈಡ್ ಏರಿದ ಗಂಟೆಗಳಲ್ಲಿ ಓಝೋನ್ ಇಳಿದಿದ್ದರೆ ರಸ್ತೆ ಬದಿಯ ಕಡಿಮೆ ಅಂಕಿಯೂ ನಿಜವೇ, ಆದರೆ ಅದನ್ನು ಶುದ್ಧ ಗಾಳಿಯೆಂದು ಬರೆಯಲಾಗದು.

ವರದಿಯಲ್ಲಿ ಇನ್ನೆರಡು ಸಂಗತಿಗಳನ್ನು ನಾನೇ ತಿದ್ದಿ ಕಳಿಸುತ್ತೇನೆ. ದಿನವಿಡೀ ಸರಾಸರಿ ತೆಗೆದರೆ ರಾತ್ರಿಯ ಇಳಿಕೆ ಮಧ್ಯಾಹ್ನದ ಏರಿಕೆಯನ್ನು ಮುಚ್ಚಿಬಿಡುತ್ತದೆ. 2009ರ ರಾಷ್ಟ್ರೀಯ ಮಾನದಂಡ ಹೇಳುವುದು 8 ಗಂಟೆಗೆ 100, 1 ಗಂಟೆಗೆ 180 ಮೈಕ್ರೋಗ್ರಾಂ, ಅದೂ ಪ್ರತಿ ಘನಮೀಟರಿಗೆ. ಯಂತ್ರದ ಪರದೆ ಮಾತ್ರ ಪಿಪಿಬಿಯಲ್ಲಿ, ಅಂದರೆ ಗಾಳಿಯ ನೂರು ಕೋಟಿ ಭಾಗದಲ್ಲಿ ಎಷ್ಟು ಭಾಗ ಎಂಬ ಲೆಕ್ಕದಲ್ಲಿ ತೋರಿಸುತ್ತದೆ. 55 ಎಂದು ಕಂಡಾಗ ನೂರರೊಳಗಿದೆಯಲ್ಲ ಎಂದು ಬಿಟ್ಟರೆ ಕೆಟ್ಟಿತು, 25 ಡಿಗ್ರಿ ತಾಪಮಾನದಲ್ಲಿ ಅದು ಸುಮಾರು 108 ಮೈಕ್ರೋಗ್ರಾಂ.