ಲೂರ್ದು ಮಾತೆಯ ನೀರೂ ಲೆಕ್ಕಕ್ಕೆ ಸೇರುತ್ತೆ

ನಮ್ಮನೆಯವಳಿಗೆ ದಿನಕ್ಕೆ ಒಂದೇ ಲೀಟರ್ ನೀರು. ಬೆಳಗಿನ ಕಾಫಿ, ಮಧ್ಯಾಹ್ನದ ಸಾರು, ಮಾತ್ರೆ ನುಂಗುವ ಗುಟುಕು, ಎಲ್ಲ ಅದರೊಳಗೇ ಮುಗಿಯಬೇಕು. ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಆಲ್ದೂರು ಕಡೆಯಿಂದ ಚಿಕ್ಕಮಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸ್ಕೊಂಡು ಬರಬೇಕು. ಒಂದು ಸಲಕ್ಕೆ ನಾಲ್ಕು ಗಂಟೆ. ನಾನು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದವನು. ಆಳುಗಳ ಹಾಜರಿಯ ಚೆಕ್‌ರೋಲ್ ಬರೆದೂ ಬರೆದೂ ಲೆಕ್ಕ ಇಡೋದು ಚಟವಾಗಿಬಿಟ್ಟಿದೆ. ಉಳಿದಿದ್ದ ಒಂದು ಖಾಲಿ ಚೆಕ್‌ರೋಲ್ ಪುಸ್ತಕದಲ್ಲಿ ಈಗ ಅವಳ ನೀರಿನ ಲೆಕ್ಕ ಬರೀತೀನಿ.

ಹೋದ ವರ್ಷ ಅವಳ ದೊಡ್ಡಮ್ಮನ ಮಗಳು ಫ್ರಾನ್ಸಿಗೆ ಯಾತ್ರೆ ಹೋಗಿ ಲೂರ್ದಿನ ನೀರು ತಂದರು. ಮರಿಯಾ ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿ, ನೀಲಿ ಕಿರೀಟವೇ ಮುಚ್ಚಳ. "ಪೂರ್ತಿ ಕುಡಿ. ನಂಬಿಕೆ ಇಟ್ಟು ಕುಡಿದ್ರೆ ವಾಸಿ ಆಗೇ ಆಗುತ್ತೆ" ಅಂದರು. "ಪೂರ್ತಿ ಕುಡಿದ್ರೆ ಕಾಲು ಊದುತ್ತೆ ಅಕ್ಕ" ಅಂದಳು ಇವಳು. ಆಮೇಲೆ ಶಿಲುಬೆ ಗುರುತು ಹಾಕಿಕೊಂಡು ಒಂದು ಚಮಚ ಕುಡಿದು ನನ್ನ ಕಡೆ ತಿರುಗಿದಳು. "ಬರ್ಕೊಳ್ಳಿ ರೀ." ಬರೆದುಕೊಂಡೆ.

ಆ ಅಕ್ಕನ ಮೇಲೆ ನನಗೇನೂ ಸಿಟ್ಟಿಲ್ಲ. ಅಷ್ಟು ದೂರದಿಂದ ಹೊತ್ತು ತಂದಿದ್ದು ಪ್ರೀತಿಯಿಂದಲೇ. ಆದರೆ ಆ ನೀರಿನ ಕತೆ ಪೂರ್ತಿ ಹೇಳುವವರು ಕಡಿಮೆ. 1858ರಲ್ಲಿ ಲೂರ್ದಿನ ಗವಿಯಲ್ಲಿ ಮಾತೆಯ ದರ್ಶನ ಆಗಿದ್ದು ಬರ್ನದೆತ್ ಅನ್ನುವ ಬಡ ಹುಡುಗಿಗೆ. ಮಣ್ಣು ಕೆದಕಿ ಆ ಒರತೆ ತೋರಿಸಿದವಳೂ ಅವಳೇ. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಮುಂದೆ ಸಿಸ್ಟರ್ ಆದಳು. ಕ್ಷಯ ಮೂಳೆಗೂ ಇಳಿದು, ನರಳಿ ನರಳಿ, 1879ರಲ್ಲಿ ತೀರಿಕೊಂಡಳು. ಆಗ ಅವಳಿಗೆ 35 ವರ್ಷ. ಇಷ್ಟು ವರ್ಷಗಳಲ್ಲಿ ಲೂರ್ದಿನಲ್ಲಿ ವಾಸಿಯಾಯಿತು ಅಂತ ಸಾವಿರಾರು ಜನ ಹೇಳಿದ್ದಾರೆ. ಡಾಕ್ಟರುಗಳ ತನಿಖೆ ಎಲ್ಲ ಮುಗಿದ ಮೇಲೆ ಪವಾಡ ಅಂತ ನಮ್ಮ ಕಥೋಲಿಕ ಧರ್ಮಸಭೆ ಒಪ್ಪಿಕೊಂಡಿರೋದು ಮಾತ್ರ 70ರ ಆಸುಪಾಸು. ಒರತೆ ತೋರಿಸಿದವಳ ಹೆಸರು ಅದರಲ್ಲಿಲ್ಲ. ಅವಳಿಗೆ ನಂಬಿಕೆ ಸಾಲದಾಗಿತ್ತು ಅಂತ ಹೇಳೋ ಧೈರ್ಯ ಯಾರಿಗಿದೆ?

ನಮ್ಮನೆಯವಳಿಗೆ ಮಾತ್ರ ಹೇಳಿದರು. ಒಂದು ಧ್ಯಾನಕೂಟದಲ್ಲಿ. ಎಲ್ಲಿ, ಯಾರು ಅನ್ನೋದು ಬೇಡ. ಬೋಧಕರು ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ, "ನಿಮ್ಮ ವಂಶದಲ್ಲಿ ಯಾರೋ ಮಾಡಿದ ಪಾಪ ಅಡ್ಡ ನಿಂತಿದೆ" ಅಂದರು. ಏಳು ತಲೆಮಾರಿನ ಹೆಸರು ಬರೆದು ತರಬೇಕಂತೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ಸುಮ್ನೆ ಕೂತಿದ್ದಳು. ಊರು ಹತ್ತಿರ ಬಂದಾಗ ಕೇಳಿದಳು, "ನಮ್ಮ ಅಜ್ಜಿ ಏನು ಪಾಪ ಮಾಡಿರಬಹುದು ರೀ?" ಪಾಪ, ಆ ಅಜ್ಜಿ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು ತೋಟದ ಲೈನ್ ಮನೆಯಲ್ಲಿ ಎಂಟು ಮಕ್ಕಳನ್ನು ಸಾಕಿದವರು.

ಅವತ್ತು ರಾತ್ರಿ ನಾನು ಬೈಬಲ್ ತೆಗೆದು ಕೂತೆ. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತೆ ಅನ್ನೋ ಗಾದೆಯನ್ನು ಇನ್ನು ಹೇಳಕೂಡದು ಅಂತ ಯೆಹೆಜ್ಕೇಲನ 18ನೇ ಅಧ್ಯಾಯದಲ್ಲಿ ದೇವರೇ ಹೇಳ್ತಾರೆ. ಹುಟ್ಟುಕುರುಡನನ್ನು ನೋಡಿ, ಪಾಪ ಮಾಡಿದ್ದು ಇವನೋ ಇವನ ಅಪ್ಪ ಅಮ್ಮನೋ ಅಂತ ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಇಬ್ಬರೂ ಅಲ್ಲ ಅಂದರು. ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕು? ಈ ವಂಶದ ಪಾಪದ ಬೋಧನೆ ತಪ್ಪು ಅಂತ ಸ್ಪೇನ್ ದೇಶದ ಬಿಷಪರು 2024ರಲ್ಲಿ ಬರೆದೇ ಹೇಳಿದ್ದಾರೆ. ಸ್ವಸ್ಥತೆಯ ಪ್ರಾರ್ಥನೆಗಳಲ್ಲಿ ಕೂಗಾಟ, ನಾಟಕ ಬೇಡ ಅಂತ ವ್ಯಾಟಿಕನ್ 2000ದಲ್ಲೇ ತಿಳಿಸಿತ್ತು. ಅವೆಲ್ಲ ನಮ್ಮ ಕೂಟಗಳ ಮೈಕಿನವರೆಗೆ ಬಂದು ಮುಟ್ಟೋದು ಕಷ್ಟ.

ಹಾಗಂತ ದೇವರು ವಾಸಿ ಮಾಡ್ತಾರೆ ಅನ್ನೋದನ್ನು ನಾನು ನಂಬದವನಲ್ಲ. ರಾತ್ರಿ ಜಪಸರ ಆದ ಮೇಲೆ ಈಗಲೂ ಅದನ್ನೇ ಕೇಳ್ತೀನಿ. ಕಾಯಿಲೆಯವರು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಯಕೋಬನ ಪತ್ರದಲ್ಲಿದೆ. ನಾನು ಚಿಕ್ಕವನಿದ್ದಾಗ ಫಾದರ್ ಎಣ್ಣೆ ತಂದರು ಅಂದ್ರೆ ಕತೆ ಮುಗೀತು ಅಂತಲೇ ಅರ್ಥ. ಹಿರಿಯರು ಅಳೋಕೆ ಶುರು ಮಾಡ್ತಿದ್ದರು. ಅದು ಸಾಯುವವರಿಗೆ ಮಾತ್ರ ಅಲ್ಲ, ರೋಗಿಗಳಿಗೆ ಅಂತ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿತು. 1972ರಲ್ಲಿ ವಿಧಿಯೂ ಬದಲಾಯಿತು. ಇವಳು ಹಣೆಗೂ ಅಂಗೈಗೂ ಎಣ್ಣೆ ಹಚ್ಚಿಸಿಕೊಂಡಿದ್ದಾಳೆ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ಕಿಡ್ನಿಯ ಸ್ಥಿತಿ ಹೇಳೋ ರಕ್ತಪರೀಕ್ಷೆಯ ಕ್ರಿಯಾಟಿನಿನ್ ಮಾತ್ರ ಇಳಿಯಲಿಲ್ಲ.

ಯೇಸುಸ್ವಾಮಿಯ ಪ್ರೇಷಿತ ಪೌಲನೂ ತನ್ನ ಮೈಯಲ್ಲಿದ್ದ ಮುಳ್ಳು ತೆಗೆ ಅಂತ ಮೂರು ಸಲ ಬೇಡಿಕೊಂಡ. "ನನ್ನ ಕೃಪೆಯೇ ನಿನಗೆ ಸಾಕು" ಅನ್ನೋ ಉತ್ತರ ಬಂತು. ಮುಳ್ಳು ಹೋಗಲಿಲ್ಲ. ಅವನ ಮೈಗೆ ತಾಗಿದ ಬಟ್ಟೆಯಿಂದಲೇ ರೋಗಿಗಳು ವಾಸಿಯಾದರು ಅಂತ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರೆದಿದೆ. ಅದೇ ಪೌಲ ತನ್ನ ಶಿಷ್ಯ ತಿಮೊಥೇಯನ ಹೊಟ್ಟೆನೋವಿಗೆ ಬಟ್ಟೆ ಕಳಿಸಲಿಲ್ಲ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತ ಅನ್ನೋ ಊರಲ್ಲಿ ಬಿಟ್ಟು ಬಂದ. ಈ ಸಾಲುಗಳ ಮೇಲೆ ಯಾರೂ ಪ್ರಸಂಗ ಮಾಡಿದ್ದು ನಾನಂತೂ ಕೇಳಿಲ್ಲ.

ಡಯಾಲಿಸಿಸ್ ವಾರ್ಡಿನಲ್ಲಿ ಪಕ್ಕದ ಬೆಡ್ಡಿನ ಅಜ್ಜನ ದಿಂಬಿನ ಕೆಳಗೆ ಶೃಂಗೇರಿಯ ಕುಂಕುಮ ಇರುತ್ತೆ. ಆಚೆ ಕಡೆಯ ಹುಡುಗನ ತೋಳಲ್ಲಿ ಬಾಬಾಬುಡನ್‌ಗಿರಿಯ ದಾರ. ಅಲ್ಲಿ ಯಾರೂ ಯಾರ ನಂಬಿಕೆಯನ್ನೂ ಅಳೆಯೋದಿಲ್ಲ. "ಇವತ್ತು ಎಷ್ಟು ಕೆಜಿ ತೆಗೀತಾರಂತೆ?" ಅಂತ ಕೇಳ್ತಾರೆ, ಅಷ್ಟೇ. ಹಿಂದಿನ ಸಲದಿಂದ ಮೈಯಲ್ಲಿ ತುಂಬಿಕೊಂಡ ನೀರಿನ ತೂಕ ಅದು. ಎಡಗೈಗೆ ಎರಡು ಸೂಜಿ ಚುಚ್ಚಿರ್ತಾರೆ, ಅಲ್ಲಾಡಿಸೋ ಹಾಗಿಲ್ಲ. ಇವಳು ಬಲಗೈಯಲ್ಲೇ ಜಪಸರದ ಮಣಿ ಎಣಿಸ್ತಾಳೆ. ಮೂರನೇ ಗಂಟೆಗೆ ಬಿ.ಪಿ. ಇಳಿದು ಮೀನಖಂಡ ಹಿಡ್ಕೊಳ್ಳುತ್ತೆ. ನಮೋ ಮರಿಯಾ ಅರ್ಧಕ್ಕೇ ನಿಂತು, "ಅಯ್ಯೋ ದೇವ್ರೇ, ಸಾಕು" ಅಂತ ಬಾಯಿಗೆ ಬರುತ್ತೆ. ನನ್ನ ಲೆಕ್ಕದಲ್ಲಿ ಅದೂ ಪ್ರಾರ್ಥನೆಯೇ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಯೇಸುಸ್ವಾಮಿ ಕೇಳಿಕೊಂಡಿದ್ದೂ ಇಂಥದ್ದೇ ಅಲ್ವಾ? ಈ ಪಾತ್ರೆ ನನ್ನಿಂದ ದೂರವಾಗಲಿ ಅಂತ. ಆಗಲಿಲ್ಲ.

ರಾತ್ರಿ ಮಲಗೋ ಮುಂಚೆ ಅವಳ ಎಡಗೈಯ ಫಿಸ್ಟುಲಾ, ಅಂದ್ರೆ ಡಯಾಲಿಸಿಸ್ ಸೂಜಿಗಾಗಿ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿರೋ ಜಾಗ, ಮುಟ್ಟಿ ನೋಡೋದು ನನ್ನ ಕೆಲಸ. ರಕ್ತ ಸರಿಯಾಗಿ ಹರೀತಿದ್ದರೆ ಬೆಕ್ಕು ಗುರುಗುಟ್ಟುವ ಹಾಗೆ ಬೆರಳಿಗೆ ತಿಳಿಯುತ್ತೆ. "ಇದೆಯಾ?" ಅಂತಾಳೆ. "ಇದೆ" ಅಂತೀನಿ. ಆಮೇಲೆ ಲೈಟ್ ಆರಿಸ್ತೀವಿ.

ನನಗಿರೋದು ಒಂದೇ ತಕರಾರು. ನಮ್ಮ ಕೂಟಗಳಲ್ಲಿ ವಾಸಿಯಾದವರನ್ನು ವೇದಿಕೆಗೆ ಕರೆದು ಸಾಕ್ಷಿ ಹೇಳಿಸ್ತಾರೆ. ಚಪ್ಪಾಳೆ, ಹಲ್ಲೆಲೂಯ. ಒಳ್ಳೇದೇ. ವಾಸಿಯಾಗದವರು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ಅವರನ್ನು ಯಾರೂ ಮೇಲೆ ಕರೆಯೋದಿಲ್ಲ. ಬೈಬಲ್ ಕರೆದಿದೆ. 88ನೇ ಕೀರ್ತನೆ ಓದಿ ನೋಡಿ. ಹಗಲೂ ರಾತ್ರಿಯೂ ಮೊರೆಯಿಟ್ಟೆ, ಯಾಕೆ ಮುಖ ಮರೆಮಾಡಿಕೊಂಡೆ ಅಂತ ಒಬ್ಬ ದೇವರನ್ನೇ ಕೇಳ್ತಾನೆ. ಬೇರೆ ಗೋಳಿನ ಕೀರ್ತನೆಗಳ ಹಾಗೆ ಕೊನೆಯಲ್ಲಿ ಸ್ತೋತ್ರ ಹಾಡೋದೂ ಇಲ್ಲ. ಕತ್ತಲಲ್ಲೇ ಮುಗಿಯುತ್ತೆ. ಅದನ್ನು ಯಾರೂ ಕಿತ್ತು ಹಾಕಿಲ್ಲ, ಪುಸ್ತಕದಲ್ಲಿ ಹಾಗೇ ಇದೆ.

ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. 1993ರಿಂದ ಅದು ವಿಶ್ವ ರೋಗಿಗಳ ದಿನವೂ ಹೌದು. ಈ ಸಲ ರೋಗಿಗಳ ಪೂಜೆಯಲ್ಲಿ ಆ ಕೀರ್ತನೆ ಓದಿಸಿ ಅಂತ ನಮ್ಮ ಫಾದರ್‌ಗೆ ಕೇಳಿಕೊಂಡೆ. ಸ್ವಲ್ಪ ಯೋಚನೆ ಮಾಡಿ, "ಪೂಜೆಯ ಪಾಠ ಬದಲಾಯಿಸೋಕೆ ಆಗಲ್ಲ. ಪೂಜೆ ಮುಗಿದ ಮೇಲೆ ಓದಬಹುದು. ಓದೋರು ಯಾರು?" ಅಂದರು. ಮನೆಗೆ ಬಂದು ಹೇಳಿದೆ. "ನಾನೇ ಓದ್ತೀನಿ" ಅಂದಳು ಇವಳು. "ಡಯಾಲಿಸಿಸ್ ದಿನ ಬಿದ್ದರೆ ಬೆಳಗಿನ ಶಿಫ್ಟ್ ಕೇಳಿ ನೋಡಿ. ಮತ್ತೆ ಅಲ್ಲೊಂದು ಕುರ್ಚಿ ಹಾಕಿಸಬೇಕು, ಅಷ್ಟು ಹೊತ್ತು ನಿಲ್ಲೋಕೆ ನನ್ನ ಕೈಲಾಗಲ್ಲ."