ಎಲೆಯೊಳಗಿನ ಹುಳ, ಕೆಳಗಿನ ಹೊಲದ ಗಿಡ

ಕಳೆದ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಅಪ್ಪ ಹೊಲದಿಂದ ಟೊಮೆಟೊ ಎಲೆ ಕಿತ್ತು ತಂದು ನನ್ನ ಕೈಗಿಟ್ಟರು. "ಮೂರು ಸಲ ಔಷಧಿ ಹೊಡೆದಾಯ್ತು ಕಣಮ್ಮ, ಈ ರಂಗೋಲಿ ಹುಳ ಹೋಗ್ತಾನೇ ಇಲ್ಲ" ಅಂದರು. ನಮ್ಮೂರು ಶ್ರೀನಿವಾಸಪುರದ ಕಡೆ. ಮಾವು ಬಿಟ್ಟರೆ ಟೊಮೆಟೊನೇ ನಮ್ಮ ಜೀವನ. ಕಡ್ಡಿ ನೆಟ್ಟು, ದಾರ ಕಟ್ಟಿ, ಡ್ರಿಪ್ ಎಳೆದು ಸಾಲದ ದುಡ್ಡೆಲ್ಲ ಆಗಲೇ ಹೊಲಕ್ಕೆ ಹಾಕಿದ್ದೆವು.

ಎಲೆಯನ್ನು ಬಿಸಿಲಿಗೆ ಹಿಡಿದೆ. ರಂಗೋಲಿ ಹುಳವಾದರೆ ಹಾವು ಹರಿದ ಹಾಗೆ ಸಣ್ಣ ಬಿಳಿ ಗೆರೆ ಇರಬೇಕು. ಇಲ್ಲಿ ಇದ್ದದ್ದು ಅಗಲವಾದ ಒಣ ಕಲೆ. ಎಲೆಯ ಮೇಲಿನ ಪೊರೆ, ಕೆಳಗಿನ ಪೊರೆ ಎರಡೂ ಹಾಗೇ ಇದ್ದವು. ನಡುವಿನ ಹಸಿರು ಮಾತ್ರ ಖಾಲಿ. ಒಂದು ಮೂಲೆಯಲ್ಲಿ ಸಾಸಿವೆಗಿಂತ ಸಣ್ಣ ಕರೀ ಹಿಕ್ಕೆ. ಪಕ್ಕದಲ್ಲೇ ತಿಳಿ ಹಸಿರು ಹುಳ, ತಲೆ ಹಿಂದೆ ಕಪ್ಪು ಪಟ್ಟಿ. ಗಾಜಿನ ಹಿಂದೆ ಕೂತ ಹಾಗೆ ನಿಧಾನಕ್ಕೆ ತಲೆ ಆಡಿಸುತ್ತಾ ತಿನ್ನುತ್ತಿತ್ತು. ಅಷ್ಟು ಔಷಧಿ ಹೊಡೆದರೂ ಅದಕ್ಕೆ ತಾಗಿದ್ದು ಎಷ್ಟೋ!

ಫೋಟೊ ತೆಗೆದು ತೋಟಗಾರಿಕೆ ಓದಿದ ಗೆಳತಿಗೆ ಕಳಿಸಿದೆ. "ಇದು ಟೂಟಾ ಕಣೇ. ರಂಗೋಲಿ ಹುಳ ನೊಣದ ಮರಿ, ಇದು ಪತಂಗದ ಮರಿ. ಕಾಯಿ ತೊಟ್ಟಿನ ಕೆಳಗೂ ನೋಡು" ಅಂದಳು. ನೋಡಿದೆ. ಸೂಜಿ ಚುಚ್ಚಿದ ಹಾಗೆ ತೂತು. ಅಂಗಡಿಯವರು ಕೊಟ್ಟಿದ್ದೆಲ್ಲ ರಂಗೋಲಿ ಹುಳದ ಔಷಧಿ.

ಆ ಎಲೆಯನ್ನು ನಾಲ್ಕು ಹಸಿ ಎಲೆ ಜೊತೆ ಗಾಜಿನ ಡಬ್ಬಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಅಡುಗೆಮನೆ ಕಿಟಕಿಯಲ್ಲಿಟ್ಟೆ. ಅಮ್ಮ ಬೈದರು. ಆದರೆ ಮಾರನೇ ದಿನದಿಂದ ನನಗಿಂತ ಮುಂಚೆ ಅವರೇ ನೋಡುತ್ತಿದ್ದರು. ಹುಳ ಹಳೇ ಎಲೆ ಬಿಟ್ಟು ಹೊರಗೆ ಬಂದು ಹೊಸ ಎಲೆ ಕೊರೆದು ಒಳಗೆ ಹೋಯಿತು. ಆರನೇ ದಿನ ಎಲೆ ಮಡಿಕೆಯಲ್ಲಿ ಬಿಳಿ ನೂಲು ಸುತ್ತಿಕೊಂಡು ಕಂದು ಕೋಶವಾಯಿತು. ಅದಾಗಿ ಒಂಬತ್ತನೇ ದಿನ ಬೆಳಿಗ್ಗೆ ಬಟ್ಟೆಗೆ ಅಂಟಿಕೊಂಡು ಪತಂಗ ಕೂತಿತ್ತು. ಅಕ್ಕಿ ಕಾಳಿನಷ್ಟೇ ಉದ್ದ. ಬೂದಿ ಬಣ್ಣದ ರೆಕ್ಕೆ, ಮೇಲೆ ಕಪ್ಪು ಚುಕ್ಕೆ, ಮಣಿ ಪೋಣಿಸಿದ ಹಾಗೆ ಮೀಸೆ. ಇಷ್ಟೇನಾ ಅನ್ನಿಸಿತು. ಆದರೆ ಒಂದು ಹೆಣ್ಣು 260ರವರೆಗೂ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆಯೋಕೆ ನಾಲ್ಕೈದು ದಿನ ಸಾಕು. ನಮ್ಮಂಥ ಸೆಖೆಯಲ್ಲಿ ಮೊಟ್ಟೆಯಿಂದ ಪತಂಗದವರೆಗೆ ಒಂದು ತಿಂಗಳೂ ಬೇಡ. ಹಗಲೆಲ್ಲ ಎಲೆ ಸಂದಿಯಲ್ಲಿ ಅಡಗಿ ರಾತ್ರಿ ಹಾರುತ್ತದೆ, ಹಾಗಾಗಿ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ.

ಇದು ನಮ್ಮ ದೇಶದ ಹುಳವೇ ಅಲ್ಲ. ದಕ್ಷಿಣ ಅಮೆರಿಕದ್ದು. 1917ರಲ್ಲಿ ಪೆರು ದೇಶದ ಪತಂಗ ನೋಡಿ ಇದಕ್ಕೆ ಹೆಸರಿಟ್ಟರು. 2006ರಲ್ಲಿ ಸ್ಪೇನ್‌ನಲ್ಲಿ ಕಾಣಿಸಿತು. ಅಲ್ಲಿಂದ ಎಂಟೇ ವರ್ಷ, 2014ರಲ್ಲಿ ಪುಣೆ ಕಡೆ ಟೊಮೆಟೊ ಹೊಲದಲ್ಲಿತ್ತು. ಆಲೂಗಡ್ಡೆ, ಬದನೆ ಎಲೆಯನ್ನೂ ಬಿಡುವುದಿಲ್ಲ. ಕೋಲಾರದಂಥ ಕಡೆ, ವರ್ಷವಿಡೀ ಒಂದಲ್ಲ ಒಂದು ಹೊಲದಲ್ಲಿ ಟೊಮೆಟೊ ಇರುವಾಗ, ಅದಕ್ಕೆ ಊಟಕ್ಕೆ ಬರ ಎಲ್ಲಿ?

ನಮ್ಮ ಹೊಲಕ್ಕೆ ಎಲ್ಲಿಂದ ಬಂತು ಅನ್ನುವುದೇ ನನ್ನನ್ನು ಕೊರೆಯುತ್ತಿತ್ತು. ಡಬ್ಬಿಯ ದಿನಗಳನ್ನು ಕ್ಯಾಲೆಂಡರ್ ಮೇಲೆ ಹಿಂದಕ್ಕೆ ಎಣಿಸಿದೆ. ಜನವರಿ ಕೊನೆಗೆ ಬಂದು ನಿಂತಿತು. ಆಗ ಮಂಡಿಯಲ್ಲಿ ಬಾಕ್ಸ್‌ಗೆ ಸಿಕ್ಕ ರೇಟು ಬಿಡಿಸುವ ಕೂಲಿಗೂ ಸಾಲದೆ, ಕೆಳಗಿನ ಹೊಲವನ್ನು ಹಣ್ಣು ಸಮೇತ ಹಾಗೇ ಬಿಟ್ಟಿದ್ದೆವು. ಹೊಸ ಸಸಿ ನೆಟ್ಟಿದ್ದು ಅದರ ಪಕ್ಕದಲ್ಲೇ.

ಅಪ್ಪನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಒಣಗಿದ ಗಿಡ ಅಲುಗಿಸಿದೆ, ಧೂಳಿನ ಹಾಗೆ ಪತಂಗ ಎದ್ದವು. ಅಪ್ಪ ಮಾತಾಡಲಿಲ್ಲ. ಸುಮ್ಮನೆ ಬದುವಿನ ಮೇಲೆ ಕೂತರು.

ಮಾರನೇ ದಿನದಿಂದ ಮೂರು ದಿನ ಮನೆಯವರೆಲ್ಲ ಸೇರಿ ಆ ಗಿಡಗಳನ್ನು ಬೇರು ಸಮೇತ ಕಿತ್ತೆವು. ಹಣ್ಣು, ಎಲೆ ಎಲ್ಲ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆವು. ಹುಳ ಮಣ್ಣಲ್ಲೂ ಕೋಶ ಕಟ್ಟುತ್ತದೆ, ಅದಕ್ಕೇ ನೆಲವನ್ನೂ ಆಳವಾಗಿ ಉಳುಮೆ ಮಾಡಿಸಿದೆವು. ಹೊಸ ಹೊಲದಲ್ಲಿ ಮೋಹಕ ಬಲೆ ಕಟ್ಟಿದೆವು. ಹೆಣ್ಣಿನ ವಾಸನೆ ಇರುವ ಸಣ್ಣ ರಬ್ಬರ್ ಬಿಲ್ಲೆ, ಕೆಳಗೆ ಸೋಪು ನೀರಿನ ಬೇಸಿನ್. ಗಂಡು ಪತಂಗಗಳು ಬಂದು ಬೀಳುತ್ತವೆ. ಮೊದಲ ಬೆಳಿಗ್ಗೆ ಒಂದೇ ಬೇಸಿನ್‌ನಲ್ಲಿ 43 ಎಣಿಸಿದೆ.

ಆ ಬೆಳೆಯಲ್ಲಿ ಅರ್ಧ ಉಳಿಯಿತು. ಕಳೆದ ವಾರ ಮತ್ತೆ ರೇಟು ಬಿತ್ತು. ಪಕ್ಕದ ಹೊಲದ ಚಿಕ್ಕಪ್ಪ ಗಿಡ ಹಾಗೇ ಬಿಡುತ್ತೀನಿ ಅಂದರು. ಅಪ್ಪ ಒಳಗೆ ಹೋಗಿ ಆ ಗಾಜಿನ ಡಬ್ಬಿ ತಂದು ಅವರ ಮುಂದೆ ಇಟ್ಟರು.